ಮುಯ್ಯಿ ಬರೆಯದ ಅಡುಗೆ

ಹರೂರು

ಮಗಳೇ,

ಬೆಳಿಗ್ಗೆ ತೀರ್ಥಮಲೆಯಲ್ಲಿ ಮುಹೂರ್ತ, ಸಂಜೆ ನಮ್ಮ ಮನೆಯಂಗಳದಲ್ಲಿ ಆರತಕ್ಷತೆ, ಅಡುಗೆಯವರು ಬೇಡ, ಬರುವವರೇ ಒಂದೊಂದು ಬಗೆ ಮಾಡಿಕೊಂಡು ಬರಲಿ ಅಂತ ನೀನು ಫೋನಿನಲ್ಲಿ ಹೇಳಿದೆಯಲ್ಲ, ಆಗ ನಿಮ್ಮಪ್ಪ ನನ್ನ ಪಕ್ಕದಲ್ಲೇ ಕೂತಿದ್ದ. 'ಮದುವೆಗೆ ಕರೆದು ಊಟ ನೀವೇ ತನ್ನಿ ಅನ್ನೋದಾ?' ಅಂತ ತಲೆ ಚಚ್ಚಿಕೊಂಡ. ನನಗೇನೂ ಹಾಗನ್ನಿಸಲಿಲ್ಲ. ಇನ್ನೂ ನಾಲ್ಕು ಹೆಣ್ಣುಮಕ್ಕಳಿಗೆ ಉಪಯೋಗಕ್ಕೆ ಬರಲಿ ಅಂತ ಈ ಕಾಗದ ಪತ್ರಿಕೆಗೇ ಕಳಿಸುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ.

ನೀನು ಪಾಟ್‌ಲಕ್ ಅನ್ನುತ್ತೀ. ನನಗೆ ನೆನಪಾಗುವುದು ಮುಯ್ಯಿ. ಹೊಲದ ಕೆಲಸಕ್ಕೆ ಇವರ ಆಳು ಅವರಿಗೆ, ಅವರ ಆಳು ಇವರಿಗೆ ಹೋದರೆ ಮುಯ್ಯಾಳು. ಮದುವೆಮನೆಯಲ್ಲಿ ಕೊಟ್ಟು ತಗೊಳ್ಳುವುದೂ ಮುಯ್ಯಿಯೇ. ಅದನ್ನೇ ಪಕ್ಕದ ಮನೆಯ ತಮಿಳರು ಮೊಯ್ ಅನ್ನುತ್ತಾರೆ. ಚಪ್ಪರದ ಬಾಗಿಲಲ್ಲಿ ಮೇಜು ಹಾಕಿಕೊಂಡು ಕೂತವನ ನೋಟ್‌ಬುಕ್ಕಿನಲ್ಲಿ ಯಾರು ಎಷ್ಟು ಕೊಟ್ಟರು ಅನ್ನುವುದು ದಾಖಲಾಗುತ್ತದೆ. ಆದರೆ ನಮ್ಮ ಮಾತಿನಲ್ಲಿ ಮುಯ್ಯಿ ಅಂದರೆ ಉಡುಗೊರೆಯೂ ಹೌದು, ಸೇಡೂ ಹೌದು. ಅಡುಗೆ ತರಿಸುವವರು ಆ ಎರಡನೆಯ ಅರ್ಥವನ್ನು ಮರೆಯಬಾರದು.

ನಮ್ಮ ನೆಂಟರೊಬ್ಬರ ಗೃಹಪ್ರವೇಶದಲ್ಲಿ ಆದದ್ದು ಹೇಳುತ್ತೇನೆ. 'ಏನಾದರೂ ತನ್ನಿ' ಅಂತ ಎಲ್ಲರಿಗೂ ಹೇಳಿಬಿಟ್ಟಿದ್ದರು. ಐದು ಮನೆಯಿಂದ ಚಿತ್ರಾನ್ನ ಬಂತು, ಒಂದು ಮನೆಯಿಂದಲೂ ಮೊಸರು ಬರಲಿಲ್ಲ. ಬಾದಾಮಿ ಹಲ್ವ ತಂದವರನ್ನು ಎಲ್ಲರೂ ಸುತ್ತುವರಿದು ಹೊಗಳಿದರು. ಒಬ್ಬಳು ಕೋಸಂಬರಿ ತಂದಿದ್ದಳು, ಕಡಿಮೆ ಖರ್ಚಿನದು, ಪಾಪ. ಅದು ಮೂಲೆಯಲ್ಲೇ ನೀರುಬಿಟ್ಟುಕೊಂಡು ಉಳಿಯಿತು. ಹೋಗುವಾಗ ಅವಳು ಯಾರಿಗೂ ಕಾಣದ ಹಾಗೆ ಸೆರಗಿನಡಿ ಡಬ್ಬ ಹಿಡಿದುಕೊಂಡು ಹೊರಟಿದ್ದನ್ನು ನಾನು ನೋಡಿದೆ. ಆಮೇಲೆ ಎರಡು ವರ್ಷ ಅವಳು ಆ ಮನೆ ಮೆಟ್ಟಿಲು ಹತ್ತಲಿಲ್ಲ.

ಆದ್ದರಿಂದ 'ಏನಾದರೂ' ಅನ್ನಬೇಡ. ಇಂಥವರು ಇಂಥದ್ದು, ಇಷ್ಟು ಜನಕ್ಕೆ ಅಂತ ಹೆಸರು ಹಿಡಿದು ಹೇಳು. ಅನ್ನ, ಹುಳಿ, ಸಾರು, ಮೊಸರು, ಉಪ್ಪು, ನೀರು, ಎಲೆ, ಇವಿಷ್ಟು ಮಾತ್ರ ಯಾರಿಗೂ ಬಿಡಬೇಡ, ನಮ್ಮ ಮನೆಯದೇ ಇರಲಿ. ಯಾರು ಕೈಕೊಟ್ಟರೂ ಬಂದವರು ಉಂಡು ಹೋಗಬೇಕಲ್ಲ. ಹತ್ತು ಜನಕ್ಕೆ ಒಂದು ಕಿಲೋ ಅಕ್ಕಿ ಅನ್ನುವುದು ನನ್ನ ಲೆಕ್ಕ. ನಿನ್ನ ಪಟ್ಟಿಯಲ್ಲಿ 80 ಜನ; ಪುಳಿಯೋಗರೆಯೂ ಇರುವುದರಿಂದ ಬಿಳಿ ಅನ್ನಕ್ಕೆ 6 ಕಿಲೋ ಸಾಕು. ಹುಳಿಗೆ ತೊಗರಿಬೇಳೆ ಎರಡೂವರೆ ಕಿಲೋ, ಮೊಸರು 8 ಲೀಟರ್. ಎಲೆ ಮಾತ್ರ 100 ತರಿಸು, ಹರಿದದ್ದು ಇದ್ದೇ ಇರುತ್ತದೆ.

ಉಳಿದದ್ದನ್ನು ಹಂಚುವಾಗ ದೂರ ನೋಡು. ಬೆಂಗಳೂರಿನವರು ರೈಲಿನಲ್ಲಿ ಮೊರಪ್ಪೂರಿಗೆ ಬಂದು ಅಲ್ಲಿಂದ ಬಸ್ಸು ಹಿಡಿಯಬೇಕು. ಅವರಿಗೆ ಚಕ್ಕುಲಿ, ಕೋಡುಬಳೆ, ಬೇಳೆ ಹೋಳಿಗೆ. ಪುಳಿಯೋಗರೆ ಮಾಡುವವರು ಗೊಜ್ಜು ಮಾತ್ರ ತಂದರೆ ಸಾಕು. ನಮ್ಮ ಸೀಮೆಯ ಹುಣಸೆಹಣ್ಣಿನ ಗೊಜ್ಜು ವಾರವಾದರೂ ಕೆಡುವುದಿಲ್ಲ, ಅನ್ನ ಇಲ್ಲೇ ಮಾಡಿ ಕಲಸೋಣ. ಸೇಲಂ ಚಿಕ್ಕಮ್ಮನಿಗೆ ಸಬ್ಬಕ್ಕಿ ಪಾಯಸ ಅಂತ ಬೇರೆ ಹೇಳಬೇಕೇ? ಅಲ್ಲಿನ ಸಬ್ಬಕ್ಕಿಗೆ, ಅದೇ ಸೇಲಂ ಜವ್ವರಿಸಿಗೆ, 2023ರಲ್ಲಿ ಜಿಐ ಟ್ಯಾಗ್ ಸಿಕ್ಕಿದ ಮೇಲಂತೂ ಅವಳನ್ನು ಹಿಡಿಯುವ ಹಾಗಿಲ್ಲ. ಆದರೆ ಆ ಪಾಯಸ ಬಸ್ಸಿನಲ್ಲಿ ಬರುವಷ್ಟರಲ್ಲಿ ಹಲ್ವದ ಹಾಗೆ ಗಟ್ಟಿಯಾಗುತ್ತದೆ. ಇಲ್ಲಿ ಎರಡು ಲೀಟರ್ ಹಾಲು ಕಾಯಿಸಿಟ್ಟುಕೊಂಡಿರು. ಬಂದ ಕೂಡಲೇ ಒಂದೊಂದೇ ಸೌಟು ಬೆರೆಸಿ ಕುದಿಸಿದರೆ ಮತ್ತೆ ಸಡಿಲವಾಗುತ್ತದೆ. ಪಲ್ಯ, ಹಪ್ಪಳ ಬೀದಿಯವರಿಗೆ. ಕೋಸಂಬರಿ ಯಾರಾದರೂ ತರಲಿ, ಉಪ್ಪು ನಿಂಬೆರಸ ಮಾತ್ರ ಬಡಿಸುವ ಗಳಿಗೆಯಲ್ಲಿ. ಕಾಯಿಚಟ್ನಿ ಬೇಡವೇ ಬೇಡ.

ಒಲೆಯ ಲೆಕ್ಕ ಯಾರೂ ಹಾಕುವುದಿಲ್ಲ ನೋಡು. ಹನ್ನೆರಡು ಪಾತ್ರೆ ಒಟ್ಟಿಗೆ ಬಂದು 'ಸ್ವಲ್ಪ ಬಿಸಿ ಮಾಡ್ಕೋತೀನಿ' ಅಂದರೆ ನಮ್ಮ ಮನೆಯಲ್ಲಿರುವುದು ಎರಡೇ ಉರಿ. ಹಿತ್ತಲಿಗೆ ದೊಡ್ಡ ಬರ್ನರ್ ಒಂದು ಬಾಡಿಗೆಗೆ ತರಿಸು. ಬಿಸಿ ಮಾಡಲೇಬೇಕಾದ ಅಡುಗೆ ನಾಲ್ಕಕ್ಕಿಂತ ಹೆಚ್ಚಾಗದ ಹಾಗೆ ಪಟ್ಟಿಯನ್ನೇ ತಿದ್ದು.

ವೈಶಾಖದ ಸೆಕೆ ಬೇರೆ. ಬೆಂದ ಅಡುಗೆ ಹೊರಗೆ 2 ಗಂಟೆಗಿಂತ ಹೆಚ್ಚು ಇರಬಾರದು, ಬಿಸಿಯಾಗಿ ಇಡುವುದಾದರೆ 60 ಡಿಗ್ರಿಯ ಮೇಲಿರಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೆಚ್ಚು ಭಯ ಅನ್ನದ್ದೇ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಸೂಕ್ಷ್ಮಜೀವಿಯ ಬೀಜಕಣ ಇರಬಹುದು, ಅದು ಬೇಯಿಸಿದರೂ ಸಾಯುವುದಿಲ್ಲ. ಅನ್ನ ಬೆಚ್ಚಗೆ ಬಹಳ ಹೊತ್ತು ಕೂತರೆ ಅದು ಬೆಳೆದು ವಿಷ ಬಿಡುತ್ತದೆ, ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಅದಕ್ಕೇ ಅನ್ನ ಒಂದೇ ಸಲಕ್ಕೆ ಬೇಡ. ಮೊದಲ ಪಂಕ್ತಿಗೆ 3 ಕಿಲೋ, ಅವರು ಏಳುವ ಹೊತ್ತಿಗೆ ಇನ್ನು 3 ಕಿಲೋ.

ನಿನ್ನ ಸ್ನೇಹಿತರು ಬಿರಿಯಾನಿ ತರುತ್ತಾರಂತೆ. ತರಲಿ, ಅದಕ್ಕೂ ಇದೇ 2 ಗಂಟೆ. ಬೇವಿನಮರದ ಕೆಳಗೆ ಬೇರೆ ಮೇಜು, ಅದಕ್ಕೆ ಬೇರೆ ಸೌಟು. ನಿಮ್ಮಪ್ಪನಿಗೆ ಮೊದಲೇ ಹೇಳಿಬಿಡು, ಆ ದಿನ ಗೊತ್ತಾಗುವುದು ಬೇಡ. ಪಾತ್ರೆಗಳ ಮುಂದೆ ಚೀಟಿ ಇಡು, ತಮಿಳಿನಲ್ಲೇ ಬರೆ. ನಮ್ಮವರು ಮನೆಯಲ್ಲಿ ಕನ್ನಡ ಆಡಿದರೂ ಓದುವುದು ತಮಿಳನ್ನೇ. ಚೀಟಿಯಲ್ಲಿ ಅಡುಗೆಯ ಹೆಸರಿರಲಿ, ಮಾಡಿದವರ ಹೆಸರು ಬೇಡ. ಯಾರದ್ದು ಬೇಗ ಖಾಲಿಯಾಯಿತು, ಯಾರದ್ದು ಉಳಿಯಿತು ಅನ್ನುವ ಮಾತು ಅಲ್ಲಿಗೇ ಮುಗಿಯುತ್ತದೆ. ಕೈಯಲ್ಲಿ ಆಗದವರನ್ನು ಪಟ್ಟಿಯಿಂದ ಬಿಡಬೇಡ, ಅವರಿಂದ ವೀಳ್ಯದೆಲೆ ತರಿಸು, ಮಜ್ಜಿಗೆ ಬಡಿಸಲು ನಿಲ್ಲಿಸು. ದುಡ್ಡಿನ ಮುಯ್ಯಿಯನ್ನು ಬೇಕಾದರೆ ನಿಮ್ಮಪ್ಪ ಬರೆದುಕೊಳ್ಳಲಿ. ಅಡುಗೆಯನ್ನು ನೋಟ್‌ಬುಕ್ಕಿಗೆ ಹತ್ತಿಸಲು ಬಿಡಬೇಡ.

ಪಾತ್ರೆಗಳನ್ನು ಮಾರನೆಯ ದಿನವೇ ತೊಳೆದು ಅವರವರ ಮನೆಗೆ ಮುಟ್ಟಿಸು. ತಳದಲ್ಲಿ ಹೆಸರು ಕೆತ್ತಿಸಿರುತ್ತಾರೆ, ನೋಡಿಕೊಂಡು ಕಳಿಸು. ಬರಿದಾಗಿ ಕಳಿಸಬಾರದು, ಒಂದು ಹಿಡಿ ಸಕ್ಕರೆಯೋ ಎರಡು ನಿಂಬೆಹಣ್ಣೋ ಹಾಕು.

ಹಾಂ, ನಿಮ್ಮ ಅಟ್ಟದ ಮೇಲೆ ಉದ್ದ ಹಿಡಿಯ ಹಿತ್ತಾಳೆ ಸೌಟೊಂದು ಇರಬೇಕು. ನಿಮ್ಮಮ್ಮನ ಮದುವೆಯಲ್ಲಿ ಹುಳಿ ಬಡಿಸಲು ನಾನು ಕೊಟ್ಟದ್ದು. ಹುಡುಕಿಸಿ ಹುಣಸೆಹಣ್ಣು ಹಚ್ಚಿ ಬೆಳಗಿಡು. ನಿನ್ನ ಮದುವೆಯಲ್ಲೂ ಅದರಲ್ಲೇ ಬಡಿಸೋಣ, ಆಮೇಲೆ ನಾನು ಮನೆಗೆ ತಗೊಂಡು ಹೋಗುತ್ತೇನೆ.

ನಿನ್ನ ದೊಡ್ಡಮ್ಮ