ಆಪರೇಷನ್ ತಪ್ಪಿಸಬಹುದೇ?

ತಂದೆಯವರಿಗೆ ಗುದನಾಳದ ಕ್ಯಾನ್ಸರ್, ಮೂರನೇ ಹಂತ. ಹೊಟ್ಟೆಗೆ ಮಲದ ಚೀಲ ಹಾಕಬೇಕಾದೀತು ಎಂದು ಕೇಳಿದಂದಿನಿಂದ ಅವರು ಸರಿಯಾಗಿ ಊಟ ಮಾಡುತ್ತಿಲ್ಲ ಎಂದು ಬರೆದಿದ್ದೀರಿ. ಓದಿ ಸಂಕಟವಾಯಿತು.

ನೀವು ಕೇಳಿದ ಅಮೆರಿಕದ ಔಷಧಿಯ ಸುದ್ದಿ ಸುಳ್ಳಲ್ಲ. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯ ವೈದ್ಯರು 2022ರಲ್ಲಿ ಪ್ರಕಟಿಸಿದ ಅಧ್ಯಯನವದು. ಡೋಸ್ಟಾರ್ಲಿಮ್ಯಾಬ್ ಎಂಬ ಇಮ್ಯುನೋಥೆರಪಿ ಔಷಧವನ್ನು ಮೂರು ವಾರಕ್ಕೊಮ್ಮೆಯಂತೆ ಆರು ತಿಂಗಳು ಪಡೆದ ಮೊದಲ 12 ಮಂದಿಯಲ್ಲೂ ಗೆಡ್ಡೆ ಕಾಣದಂತಾಯಿತು. ಆದರೆ ಅವರೆಲ್ಲರ ಗೆಡ್ಡೆಯಲ್ಲೂ, ಡಿಎನ್‌ಎ ನಕಲಾಗುವಾಗ ಆಗುವ ತಪ್ಪುಗಳನ್ನು ತಿದ್ದುವ ವ್ಯವಸ್ಥೆ ಕೆಟ್ಟಿತ್ತು. ತಪ್ಪುಗಳು ರಾಶಿಬಿದ್ದ ಅಂಥ ಜೀವಕೋಶವನ್ನು ನಮ್ಮ ರೋಗನಿರೋಧಕ ಶಕ್ತಿ ಬೇಗ ಗುರುತು ಹಿಡಿಯುತ್ತದೆ. ಗುದನಾಳದ ಕ್ಯಾನ್ಸರ್‌ನಲ್ಲಿ ಈ ಬಗೆಯವು ನೂರಕ್ಕೆ ಹತ್ತನ್ನೂ ದಾಟುವುದಿಲ್ಲ.

ಹಾಗಾಗಿ ಸುಮ್ಮನೆ ಚಿಕಿತ್ಸೆ ಮುಂದೂಡಬೇಡಿ. ಬಯಾಪ್ಸಿ ಮಾಡಿದ ಲ್ಯಾಬಿನಲ್ಲಿ ಗೆಡ್ಡೆಯ ತುಣುಕಿರುವ ಮೇಣದ ಬ್ಲಾಕ್ ಇಟ್ಟಿರುತ್ತಾರೆ. ತಪ್ಪು ತಿದ್ದುವ ಆ ವ್ಯವಸ್ಥೆ ಕೆಟ್ಟಿದೆಯೇ ಎಂದು ತಿಳಿಸುವ ಎಂಎಂಆರ್ ಪರೀಕ್ಷೆಯನ್ನು ಅದರಲ್ಲೇ ಮಾಡಬಹುದು, ಸಾಮಾನ್ಯವಾಗಿ ಹೊಸದಾಗಿ ತುಣುಕು ತೆಗೆಯಬೇಕಿಲ್ಲ. ಎಂಎಲ್‌ಎಚ್1, ಪಿಎಂಎಸ್2, ಎಂಎಸ್‌ಎಚ್2, ಎಂಎಸ್‌ಎಚ್6 ಎಂಬ ನಾಲ್ಕು ಪ್ರೋಟೀನುಗಳಲ್ಲಿ ಒಂದು ಕಾಣೆಯಾಗಿದ್ದರೂ ಇಮ್ಯುನೋಥೆರಪಿಯ ಬಗ್ಗೆ ವೈದ್ಯರೊಂದಿಗೆ ಮಾತಾಡಿ. ಹೀಗೆ ಕಾಣೆಯಾಗಲು ವಂಶದಲ್ಲಿ ಹರಿದುಬರುವ ಲಿಂಚ್ ಸಿಂಡ್ರೋಮ್ ಕಾರಣವಾಗಿರಬಹುದು. ಆಗ ನೀವೂ ತಪಾಸಣೆ ಮಾಡಿಸಿಕೊಳ್ಳಲೇಬೇಕು.

ನಾಲ್ಕೂ ಇದ್ದರೂ ಧೈರ್ಯಗೆಡಬೇಡಿ. ಮೊದಲು ರೇಡಿಯೇಷನ್, ಕೀಮೋ ಕೊಟ್ಟಾಗ ಕೆಲವರಲ್ಲಿ ಗೆಡ್ಡೆ ಪೂರ್ತಿ ಕರಗುತ್ತದೆ. ಅಂಥವರಿಗೆ ಆಪರೇಷನ್ ಮಾಡದೆ ಬಿಗಿಯಾಗಿ ನಿಗಾ ಇಡುವುದೂ ಉಂಟು. ಚೀಲವೂ ಎಲ್ಲರಿಗೂ ಶಾಶ್ವತವಲ್ಲ; ಅದು ಗೆಡ್ಡೆ ಇರುವ ಜಾಗವನ್ನೂ ಅವಲಂಬಿಸಿದೆ. ಗುದದ್ವಾರದಿಂದ ಗೆಡ್ಡೆ ಎಷ್ಟು ಸೆಂಟಿಮೀಟರ್ ಮೇಲಿದೆ ಎಂದು ತಂದೆಯವರ ಎದುರಿಗೇ ಸರ್ಜನ್ನರನ್ನು ಕೇಳಿ.