ನಾಡಿ ಹಿಡಿದ ಕೈ ಬಿಡಬೇಡ

ಮೊನ್ನೆ ಫೋನ್ ಮಾಡಿ, "ಮೇಡಂ, ಎಂಎಸ್ಸಿ ನರ್ಸಿಂಗ್‌ಗೆ ಸೀಟು ಸಿಕ್ತು, ಇನ್ನು ನೈಟ್ ಡ್ಯೂಟಿ ಕಾಟ ತಪ್ಪಿತು" ಅಂದೆಯಲ್ಲ ಮಗಳೇ, ಮೊದಲ ಮಾತಿಗೆ ಕಣ್ಣು ತುಂಬಿ ಬಂತು. ಎರಡನೆಯದು ಮಾತ್ರ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಉಳಿಯಿತು. ಮೂರು ವರ್ಷ ವಾರ್ಡಿನಲ್ಲಿ ದುಡಿದು ದಣಿದವಳು ನೀನು, ಹಾಗನ್ನಿಸುವುದು ಸಹಜವೇ. ಆದರೆ ವಾರ್ಡಿನಿಂದ ಪಾರಾಗುವ ದಾರಿಯೆಂದು ಈ ಓದಿಗೆ ಹೋದರೆ, ಎರಡು ವರ್ಷ ಕಳೆದ ಮೇಲೆ ಪದವಿ ಇರುತ್ತದೆ, ಮಕ್ಕಳಿಗೆ ಕಲಿಸಲು ಕೈಯಲ್ಲಿ ಏನೂ ಇರುವುದಿಲ್ಲ.

ಇದು ನನ್ನ ಮೇಲೇ ಬಂದು ಹೋದದ್ದು. ಎಂಎಸ್ಸಿ ಮುಗಿಸಿ ನಾಲ್ಕು ವರ್ಷ ಬರೀ ಪಾಠ, ಪರೀಕ್ಷೆ, ಪೇಪರ್ ವ್ಯಾಲ್ಯುಯೇಷನ್ ಅಂತ ಇದ್ದವಳು, ಒಂದು ದಿನ ವಿದ್ಯಾರ್ಥಿನಿಯರನ್ನು ಮಕ್ಕಳ ವಾರ್ಡಿಗೆ ಕರೆದುಕೊಂಡು ಹೋದೆ. ವಾಂತಿ-ಭೇದಿಯಾಗಿ ಸೊರಗಿದ ಎಂಟು ತಿಂಗಳ ಕೂಸು, ನರವೇ ಸಿಗುತ್ತಿಲ್ಲ. "ಮೇಡಂ, ನೀವೊಂದ್ಸಲ ನೋಡಿ" ಎಂದು ಸಿಸ್ಟರ್ ಕ್ಯಾನುಲಾ ನನ್ನ ಕೈಗಿಟ್ಟರು. ಎರಡು ಸಲ ಚುಚ್ಚಿದೆ, ಎರಡೂ ಸಲ ತಪ್ಪಿತು. ತಾಯಿ ತುಟಿ ಕಚ್ಚಿಕೊಂಡು ಕೂಸಿನ ಕಾಲು ಹಿಡಿದೇ ನಿಂತಿದ್ದಳು. ಕೊನೆಗೆ ಅದೇ ವಾರ್ಡಿನಲ್ಲಿ ಎಂಟು ವರ್ಷದಿಂದಿದ್ದ ಜಿಎನ್‌ಎಂ ಡಿಪ್ಲೊಮಾ ಓದಿದ ಇನ್ನೊಬ್ಬ ಸಿಸ್ಟರ್, ಪಾದದ ಮೇಲೆ ಬೆರಳ ತುದಿಯಿಂದ ತಡವಿ ನರ ಹುಡುಕಿ ಒಂದೇ ಸಲಕ್ಕೆ ಹಾಕಿದಳು. ನನ್ನ ವಿದ್ಯಾರ್ಥಿನಿಯರಿಗೆ ಆ ದಿನ ಗುರುವಾದವಳು ಅವಳು. ಮರುವಾರದಿಂದ ವಾರಕ್ಕೆ ಎರಡು ಬೆಳಗು ಯೂನಿಫಾರ್ಮ್ ತೊಟ್ಟು ವಾರ್ಡಿನಲ್ಲಿ ಕೆಲಸ ಮಾಡತೊಡಗಿದೆ. ರಿಟೈರ್ ಆಗುವವರೆಗೂ ಅದನ್ನು ಬಿಡಲಿಲ್ಲ. ನೀನೂ ಬಿಡಬೇಡ.

ಕಲಿಸುವುದು ಎಂದರೆ ದೊಡ್ಡ ದೊಡ್ಡ ಥಿಯರಿಗಳೇ ಎಂದುಕೊಳ್ಳಬೇಡ. ಉಸಿರಾಟ ಎಣಿಸುವುದನ್ನೇ ನೋಡು. ಯಾವ ಚಾರ್ಟ್ ತೆಗೆದರೂ 20, 20, 20 ಎಂದು ಬರೆದಿರುತ್ತಾರೆ, ಎಣಿಸಿರುವುದೇ ಇಲ್ಲ. ವಿದ್ಯಾರ್ಥಿನಿಯನ್ನು ಪಕ್ಕ ನಿಲ್ಲಿಸಿಕೊಂಡು ತೋರಿಸು: ರೋಗಿಯ ಮಣಿಕಟ್ಟು ಹಿಡಿದು ನಾಡಿ ಎಣಿಸು, ಅದು ಮುಗಿದ ಮೇಲೂ ಕೈ ಬಿಡದೆ, ನಾಡಿ ನೋಡುತ್ತಿರುವವಳ ಹಾಗೆಯೇ ನಿಂತು, ಎದೆ ಏರಿಳಿಯುವುದನ್ನು ಪೂರಾ ಒಂದು ನಿಮಿಷ ಎಣಿಸು. "ಉಸಿರು ಎಣಿಸ್ತೀನಿ" ಎಂದು ಹೇಳಿದರೆ ರೋಗಿಯ ಉಸಿರೇ ಬದಲಾಗಿಬಿಡುತ್ತದೆ. 18 ಇದ್ದದ್ದು 28 ಆಯಿತೆಂದು ಹೊತ್ತಿಗೆ ಸರಿಯಾಗಿ ಕಂಡುಕೊಂಡ ಹುಡುಗಿ ಒಂದು ಜೀವ ಉಳಿಸಬಲ್ಲಳು.

ಇನ್ನು ಯಾವ ವಿಷಯ ತೆಗೆದುಕೊಳ್ಳಲಿ ಎಂದು ಕೇಳಿದ್ದೆಯಲ್ಲ. ಮೆಡಿಕಲ್-ಸರ್ಜಿಕಲ್, ಮಕ್ಕಳ ಆರೋಗ್ಯ, ಹೆರಿಗೆ ಮತ್ತು ಸ್ತ್ರೀರೋಗ, ಸಮುದಾಯ ಆರೋಗ್ಯ, ಮಾನಸಿಕ ಆರೋಗ್ಯ, ಐದರಲ್ಲಿ ಯಾವುದೂ ಕಡಿಮೆಯದಲ್ಲ. "ಮೆಡ್-ಸರ್ಜ್ ಆದರೆ ಬೇಗ ಕೆಲಸ ಸಿಗುತ್ತದೆ" ಎನ್ನುವವರ ಮಾತಿಗೆ ಹೋಗಬೇಡ. ಮಾನಸಿಕ ರೋಗಿಗಳ ಜೊತೆ ನಿನಗಿದ್ದ ತಾಳ್ಮೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಿಮ್ಹಾನ್ಸ್‌ನಂಥ ಸಂಸ್ಥೆ ನಮ್ಮ ಬೆಂಗಳೂರಿನಲ್ಲೇ ಇರುವಾಗ ಆ ದಾರಿ ಯೋಚಿಸು. ಪಾಠಕ್ಕಿಂತ ಐಸಿಯುವೇ ಇಷ್ಟ ಅನ್ನಿಸಿದರೆ ಕ್ರಿಟಿಕಲ್ ಕೇರ್ ನರ್ಸ್ ಪ್ರಾಕ್ಟಿಷನರ್ ಕೋರ್ಸೂ ಇದೆ, ಅಲ್ಲಿ ಹೆಚ್ಚಿನ ಕಲಿಕೆ ರೋಗಿಯ ಹಾಸಿಗೆಯ ಪಕ್ಕದಲ್ಲೇ.

ಥೀಸಿಸ್ ವಿಷಯಕ್ಕೆ ಬರುತ್ತೇನೆ, ಇಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. "ಇಂಥದ್ದರ ಬಗ್ಗೆ ಜ್ಞಾನ ಹೆಚ್ಚಿಸುವಲ್ಲಿ ಸ್ಟ್ರಕ್ಚರ್ಡ್ ಟೀಚಿಂಗ್ ಪ್ರೋಗ್ರಾಮ್‌ನ ಪರಿಣಾಮ" ಎಂಬ ತಲೆಬರಹದ ಥೀಸಿಸ್‌ಗಳು ನಮ್ಮ ಕಾಲೇಜು ಲೈಬ್ರರಿಗಳಲ್ಲಿ ಸಾಲುಸಾಲಾಗಿ ಕೂತಿವೆ. ಪ್ರೀಟೆಸ್ಟ್, ಒಂದು ಪಾಠ, ಏಳನೇ ದಿನ ಪೋಸ್ಟ್‌ಟೆಸ್ಟ್. ಪಾಠ ಕೇಳಿದವರಿಗೆ ಅಂಕ ಹೆಚ್ಚು ಬರುವುದರಲ್ಲಿ ಹೊಸದೇನಿದೆ? ನಿನ್ನ ವಾರ್ಡಿನಲ್ಲಿ ನಿದ್ದೆಗೆಡಿಸಿದ ಪ್ರಶ್ನೆ ಯಾವುದು, ಅದನ್ನು ಎತ್ತಿಕೋ. ರಾತ್ರಿ ಪಾಳಿಯಲ್ಲಿ ವಯಸ್ಸಾದವರು ಬಾತ್‌ರೂಮಿಗೆ ಎದ್ದು ಬೀಳುವುದು ಯಾವ ಹೊತ್ತಿನಲ್ಲಿ? ಮಗ್ಗುಲು ಬದಲಿಸುವ ಚಾರ್ಟ್ ತುಂಬಿದ್ದರೂ ಬೆನ್ನಿಗೆ ಹುಣ್ಣು ಏಕಾಗುತ್ತದೆ? ಕ್ರಿಮಿಯಾ ಯುದ್ಧದಲ್ಲಿ ಸೈನಿಕರು ಗಾಯಕ್ಕಿಂತ ಹೆಚ್ಚಾಗಿ ರೋಗಗಳಿಂದ ಸತ್ತಿದ್ದರೆಂದು ಫ್ಲಾರೆನ್ಸ್ ನೈಟಿಂಗೇಲ್ 1858ರಲ್ಲಿ ಬಣ್ಣದ ಚಿತ್ರಗಳಲ್ಲಿ ತೋರಿಸಿದ್ದು ಹೀಗೆ ಎಣಿಸಿಯೇ. ಮೇ 12ಕ್ಕೆ ನಾವು ದೀಪ ಹಿಡಿದು ಅವಳನ್ನು ನೆನೆಯುತ್ತೇವೆ, ಅವಳ ಲೆಕ್ಕದ ಪುಸ್ತಕ ಮರೆಯುತ್ತೇವೆ. ನಾಳೆ ನೀನು ಸೂಪರಿಂಟೆಂಡೆಂಟ್ ಆಗಿ ಆಡಳಿತದವರ ಮುಂದೆ "ಸಿಬ್ಬಂದಿ ಸಾಲದು" ಅಂದರೆ ಯಾರೂ ಕಿವಿಗೊಡುವುದಿಲ್ಲ. ಒಬ್ಬಳೇ ಸಿಸ್ಟರ್ ಇದ್ದ ರಾತ್ರಿಗಳಲ್ಲಿ ಎಷ್ಟು ಜನ ಬಿದ್ದರು, ಇಬ್ಬರಿದ್ದಾಗ ಎಷ್ಟು ಎಂದು ಬರೆದಿಟ್ಟು ತೋರಿಸು.

ಮೇಲೆ ಕೂರುವವರು ಹೇಗಿರಬೇಕೆಂದು ನಾನು ಒಬ್ಬ ಸೂಪರಿಂಟೆಂಡೆಂಟ್ ಅಮ್ಮನಿಂದ ಕಲಿತೆ. ಒಬ್ಬ ಹೊಸ ಹುಡುಗಿ ಆ್ಯಂಟಿಬಯೋಟಿಕ್ ಕರಗಿಸಲು ಡಿಸ್ಟಿಲ್ಡ್ ವಾಟರ್ ಎಂದುಕೊಂಡು ಪೊಟ್ಯಾಸಿಯಂ ಕ್ಲೋರೈಡ್ ಆಂಪ್ಯೂಲ್ ಒಡೆದಿದ್ದಳು. ಅದು ನೇರ ರಕ್ತಕ್ಕೆ ಹೋದರೆ ಹೃದಯವೇ ನಿಲ್ಲುತ್ತದೆ. ಸಿರಿಂಜಿಗೆ ಎಳೆಯುವಾಗ ಇನ್ನೊಬ್ಬಳ ಕಣ್ಣಿಗೆ ಬಿತ್ತು, ಬದುಕಿದೆವು. ಹುಡುಗಿ ನಡುಗುತ್ತಾ ಅಳುತ್ತಿದ್ದಳು. ಅಮ್ಮ ಮೊದಲು ಅವಳನ್ನು ಕೂರಿಸಿ ನೀರು ಕೊಟ್ಟರು, ಆಮೇಲೆ ಟ್ರೇ ತರಿಸಿದರು. ಎರಡು ಆಂಪ್ಯೂಲೂ ಅಕ್ಕಪಕ್ಕ, ಒಂದೇ ಗಾತ್ರ, ಅಕ್ಷರವೂ ಸಣ್ಣದು. ಸಂಜೆಯೊಳಗೆ ಪೊಟ್ಯಾಸಿಯಂ ಕೆಂಪು ಚೀಟಿ ಹೊತ್ತು ಬೇರೆ ಕಪಾಟಿಗೆ ಹೋಯಿತು, ಬೀಗ ಬಿತ್ತು. ಆ ಹುಡುಗಿಯನ್ನು ಅಮ್ಮ ಎಲ್ಲರ ಮುಂದೆ ಬೈದಿದ್ದರೆ ಮುಂದಿನ ತಪ್ಪನ್ನು ಎಲ್ಲರೂ ಮುಚ್ಚಿಡುತ್ತಿದ್ದರು.

ಇನ್ನೊಂದು ಮಾತು, ಭಾಷೆಯದ್ದು. ನಿನ್ನ ವಿದ್ಯಾರ್ಥಿಗಳು ಕೇರಳದಿಂದ, ಮಣಿಪುರದಿಂದ, ಬಂಗಾಳದಿಂದ ಬಂದಿರುತ್ತಾರೆ. ರೋಗಿಗಳು ನಮ್ಮ ಹಳ್ಳಿಯವರು. ಹುಬ್ಬಳ್ಳಿ ಕಡೆಯ ಅಜ್ಜಿ "ಹೊಟ್ಟಿ ಕಡಿಯಾಕತ್ತೈತ್ರಿ" ಅಂದರೆ ಹೊಟ್ಟೆನೋವು ಅಂತ, ಕೆರೆತ ಅಂತಲ್ಲ. ಇಂಥ ಮಾತುಗಳನ್ನು ಒಂದು ನೋಟ್‌ಬುಕ್‌ನಲ್ಲಿ ಬರೆಸು.

ಫೀಸು ಕಟ್ಟುವ ಮೊದಲು ಆ ಕಾಲೇಜಿನ ಆಸ್ಪತ್ರೆಗೆ ಹೇಳದೆ ಕೇಳದೆ ಒಂದು ಮಧ್ಯಾಹ್ನ ಹೋಗಿ ಬಾ. ಹಾಸಿಗೆಗಳಲ್ಲಿ ರೋಗಿಗಳಿದ್ದಾರೆಯೇ ನೋಡು. ಎರಡನೇ ವರ್ಷದವರನ್ನು ಕ್ಯಾಂಟೀನಿನಲ್ಲಿ ಮಾತಾಡಿಸಿ, ಗೈಡ್ ತಿಂಗಳಿಗೆ ಎಷ್ಟು ಸಲ ಸಿಗುತ್ತಾರೆಂದು ಕೇಳು. "ಬರೋದೇ ಬೇಡ, ಹಾಜರಾತಿ ನಾವು ನೋಡ್ಕೋತೀವಿ" ಎಂದು ಯಾರಾದರೂ ಅಂದರೆ, ಅಲ್ಲಿಂದ ಎದ್ದು ಬಂದು ನನಗೆ ಫೋನ್ ಮಾಡು. ಬೇರೆ ಕಾಲೇಜು ಇಬ್ಬರೂ ಕೂಡಿ ಹುಡುಕೋಣ.