ಬಂಡಾಯ ಗೆಲ್ಲಿಸೋದು ಸುಲಭ, ನಂಬಿಸೋದು ಕಷ್ಟ

‘ಹೀಗಾಗಿದ್ದರೆ’ ಅನ್ನೋ ಕಥೆ ಬರೆಯೋಕೆ ಕೂತಾಗ ನಾವು ಆರಿಸಿಕೊಂಡದ್ದು 1830ರ ನಗರ ಬಂಡಾಯ. ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣದಲ್ಲಿ ರೈತರು ಕೂಟ ಸೇರಿದ್ದರು. ಅದೇ ತಾಲ್ಲೂಕಿನ ನಲ್ಲೂರನ್ನು ಕಥೆಯ ಊರು ಮಾಡಿಕೊಂಡೆವು. ಮೊದಲ ಕರಡಿನಲ್ಲಿ ಬೂದಿ ಬಸವಪ್ಪ ಗೆದ್ದು ಬಿದನೂರಿನ ಗಾದಿ ಏರಿದ, ಕಂಪನಿ ಸೈನ್ಯ ಓಡಿಹೋಯಿತು. ಓದೋಕೆ ಮಜಾ ಇತ್ತು, ಆದರೆ ಯಾರೂ ನಂಬಲಿಲ್ಲ.

ಯಾಕೆ ಅಂತ ಹುಡುಕಿದಾಗ ಸಿಕ್ಕಿದ್ದು 1799ರ ಒಪ್ಪಂದ. ಮೈಸೂರು ವರ್ಷಕ್ಕೆ 7 ಲಕ್ಷ ವರಹ ಕಂಪನಿಗೆ ಕಟ್ಟಬೇಕಿತ್ತು. ಆಡಳಿತ ಕೆಟ್ಟಿತು ಅನ್ನಿಸಿದರೆ ಕಂಪನಿಯೇ ಅದನ್ನು ವಹಿಸಿಕೊಳ್ಳಬಹುದಿತ್ತು. ನಿಜದಲ್ಲಿ ಆದದ್ದೂ ಅದೇ. ಬಂಡಾಯವೇ ಕಾರಣವಾಗಿ 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಹೋಯಿತು, ಅರಮನೆಗೆ ವಾಪಸ್ ಬಂದದ್ದು 1881ರಲ್ಲಿ. ಅಂದರೆ ರೈತರನ್ನು ಗೆಲ್ಲಿಸೋಕೆ ಒಂದು ‘ಹೀಗಾಗಿದ್ದರೆ’ ಸಾಲದು, ಹತ್ತು ಬೇಕು. ಓದುಗ ಪುಕ್ಕಟೆಯಾಗಿ ಕೊಡೋದು ಒಂದೇ ಒಂದು. ಉಳಿದದ್ದನ್ನೆಲ್ಲ ಆ ಒಂದರಿಂದಲೇ ಹುಟ್ಟಿಸಬೇಕು.

ಹಾಗಾಗಿ ತಿರುವನ್ನು ಹಿಂದಕ್ಕೆ ತಳ್ಳಿದೆವು. 1828ರಲ್ಲಿ ನಗರಕ್ಕೆ ಬಂದ ಹೊಸ ಫೌಜದಾರರು ಹಿಂದೆ ಮಾಫಿ ಮಾಡಿದ್ದ ಬಾಕಿಗಳನ್ನು ಮತ್ತೆ ಕೆದಕಿದ್ದರು. ಕೆದಕದೇ ಇದ್ದಿದ್ದರೆ? ಕೂಟ ಸೇರೋ ಕಾರಣವೇ ಸಣ್ಣದಾಗುತ್ತಿತ್ತು, ಕಂಪನಿಗೆ ನೆಪ ಸಿಗುತ್ತಿರಲಿಲ್ಲ, ಕಬ್ಬನ್ ಕಮಿಷನರ್ ಆಗಿ ಬರುತ್ತಿರಲಿಲ್ಲ. ‘ಹಂಗಾದ್ರೆ ನಾವು ಇಂಟರ್‌ವ್ಯೂಗೆ ಬೆಂಗಳೂರಿಗೆ ಹೋಗೋ ಗೋಳು ತಪ್ತಿತ್ತು’ ಅಂದ ಒಬ್ಬ. ತಪ್ಪುತ್ತಿರಲಿಲ್ಲ. ದಂಡು ಪ್ರದೇಶ 1809ರಲ್ಲೇ ಅಲ್ಲಿ ಬೇರೂರಿತ್ತು. ಸಂಶೋಧನೆ ಹೀಗೆ ಆಸೆಗೆ ತಣ್ಣೀರೂ ಎರಚುತ್ತೆ!

ಸಣ್ಣ ವಿವರಗಳಲ್ಲೂ ಜಾರಿದೆವು. ನಮ್ಮ ನಾಯಕ ಕಾಲುವೆ ದಂಡೆ ಮೇಲೆ ಅಡಿಕೆ ತೋಟ ಸುತ್ತುತ್ತಿದ್ದ. ಭದ್ರಾ ಕಾಲುವೆ ಬಂದದ್ದು ಇಪ್ಪತ್ತನೇ ಶತಮಾನದಲ್ಲಿ. ಆಗ ಕೆರೆಗಳೇ ಗತಿ, ಸೂಳೆಕೆರೆಯಂತಹವು. ಅವನು ಪತ್ರಿಕೆಯಲ್ಲಿ ಸುದ್ದಿ ಓದುತ್ತಿದ್ದ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ಹೊರಟಿದ್ದು 1843ರಲ್ಲಿ. ಸುದ್ದಿಯನ್ನು ಸಂತೆಗೆ ಕಳಿಸಿದೆವು, ಕಥೆಗೂ ಅದೇ ಒಳ್ಳೆಯದಾಯಿತು: ಬಾಯಿಂದ ಬಾಯಿಗೆ ಹೋಗುವಾಗ ಅದು ಬೆಳೆಯುತ್ತೆ.

ಇಷ್ಟು ಓದಿದ ಮೇಲೆ ಇನ್ನೊಂದು ರೋಗ ಶುರುವಾಯಿತು. ಓದಿದ್ದನ್ನೆಲ್ಲ ತುರುಕೋದು. ಮೂರನೇ ಕರಡು ಲ್ಯಾಬ್ ರೆಕಾರ್ಡ್ ಥರ ಇತ್ತು, ಗೌಡರ ಬಾಯಲ್ಲಿ ಒಪ್ಪಂದದ ಷರತ್ತುಗಳು! ನಲ್ಲೂರಿನ ಗೌಡರಿಗೆ ಒಪ್ಪಂದ ಯಾಕೆ ಗೊತ್ತಿರಬೇಕು? ಅವರಿಗೆ ಗೊತ್ತಿರೋದು ಬಾಕಿ. ಆ ಪುಟವನ್ನೆಲ್ಲ ಹೊಡೆದುಹಾಕಿ ಶಾನುಭೋಗರ ಕೈಗೆ ಕಡತ ಕೊಟ್ಟೆವು. ಕಡತ ಅಂದರೆ ಇದ್ದಿಲು, ಹುಣಸೆಬೀಜದ ಅಂಟು ಬಳಿದು ಗಟ್ಟಿ ಮಾಡಿದ ಕಪ್ಪು ಬಟ್ಟೆಯ ಮಡಿಕೆ ಪುಸ್ತಕ. ಬಳಪದಲ್ಲಿ ಬರೆಯೋದು, ಬೇಡವಾದರೆ ಒರೆಸಿ ಮತ್ತೆ ಬರೆಯಬಹುದು. ಒಂದು ಸಲ ಒರೆಸಿದ ಬಾಕಿಯನ್ನು ಮತ್ತೆ ಬರೆಯೋಕೆ ಶಾನುಭೋಗರು ಬಳಪ ಎತ್ತುತ್ತಾರೆ, ಆಮೇಲೆ ಕೆಳಗಿಡುತ್ತಾರೆ. ನಮ್ಮ ಇಡೀ ತಿರುವು ಈಗ ಆ ಒಂದು ಸಾಲಿನಲ್ಲಿದೆ.

ಬೂದಿ ಬಸವಪ್ಪನದ್ದು ಮಾತ್ರ ಬಗೆಹರಿದಿಲ್ಲ. ಅವನ ಮೊದಲ ಹೆಸರು ಸಾದರ ಮಲ್ಲ. ಬಿದನೂರು ಮನೆತನದ ವಾರಸುದಾರ ನಾನೇ ಅಂದವನು. ಹೈದರಾಲಿ ಬಿದನೂರು ಹಿಡಿದದ್ದು 1763ರಲ್ಲಿ, ಹಳೇ ಅರಸರನ್ನು ನೆನಪಿಟ್ಟುಕೊಂಡ ಅಜ್ಜ ಅಜ್ಜಿಯರು 1830ರಲ್ಲೂ ಇದ್ದಿರಬಹುದು. ಆದರೆ ಬಾಕಿಯೇ ಇಲ್ಲದ ನಮ್ಮ ನಲ್ಲೂರಿಗೆ ಅವನು ಬಂದು ‘ನಾನು ನಿಮ್ಮ ದೊರೆ’ ಅಂದರೆ ಜನ ಎದ್ದು ಹಿಂದೆ ಹೋಗ್ತಾರಾ, ಇಲ್ಲಾ ಒಂದು ಲೋಟ ಮಜ್ಜಿಗೆ ಕೊಟ್ಟು ಕಳಿಸ್ತಾರಾ? ಮುಂದಿನ ವಾರ ಆ ಅಧ್ಯಾಯ ಬರೀತೀವಿ.